ಎದೆಯ ಪೆಟ್ಟು ಮತ್ತು ಹಳ್ಳಿಯ ಮೊದಲ ಗಂಟೆ

ಮನುಷ್ಯದೇಹದಲ್ಲಿ ಎದೆಗೂಡಿನಷ್ಟು ಭದ್ರವಾಗಿ ಕಟ್ಟಲ್ಪಟ್ಟ ಭಾಗಗಳು ಕೆಲವೇ. ಹಿಂದೆ ಬೆನ್ನೆಲುಬು, ಮುಂದೆ ಎದೆಯೆಲುಬು, ಸುತ್ತಲೂ ಹನ್ನೆರಡು ಜೊತೆ ಪಕ್ಕೆಲುಬು, ಕೆಳಗೆ ವಪೆ. ಈ ಪಂಜರದೊಳಗೆ ಹೃದಯವೂ ಮಹಾಧಮನಿಯೂ ಎರಡು ಶ್ವಾಸಕೋಶಗಳೂ ಅನ್ನನಾಳವೂ ಇಕ್ಕಟ್ಟಿನಲ್ಲಿ ನೆಲೆಸಿವೆ. ಆದರೆ ಇಷ್ಟು ಭದ್ರವಾದ ಈ ಗೂಡು ಒಂದು ಸೂಕ್ಷ್ಮವಾದ ಏರ್ಪಾಡಿನ ಮೇಲೆ ನಿಂತಿದೆ ಎಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಶ್ವಾಸಕೋಶವು ತಾನಾಗಿ ಹಿಗ್ಗಬಲ್ಲ ಸ್ನಾಯುವಲ್ಲ. ಕಮ್ಮಾರನ ತಿದಿಯಂತೆ ಎದೆಗೂಡು ಅಗಲವಾದಾಗ ಅದರ ಜೊತೆಗೆ ಶ್ವಾಸಕೋಶವೂ ಹಿಗ್ಗಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಶ್ವಾಸಕೋಶಕ್ಕೂ ಎದೆಯ ಒಳಗೋಡೆಗೂ ನಡುವೆ ತೇವದಿಂದ ಕೂಡಿದ ತೆಳುವಾದ ಅವಕಾಶವೊಂದಿದೆ. ಅಲ್ಲಿನ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಕಡಿಮೆಯಾಗಿರುವುದರಿಂದಲೇ ಶ್ವಾಸಕೋಶವು ಗೋಡೆಗೆ ಅಂಟಿಕೊಂಡಂತೆ ಇರುತ್ತದೆ. ಆ ಅವಕಾಶಕ್ಕೆ ಗಾಳಿ ಹೊಕ್ಕರೆ ಅಥವಾ ರಕ್ತ ತುಂಬಿದರೆ ತಿದಿ ಬಡಿದರೂ ಗಾಳಿ ಬಾರದು. ಎದೆಯ ಗಾಯದಿಂದ ಬರುವ ಹೆಚ್ಚಿನ ಸಾವುಗಳ ಮೂಲ ಇಲ್ಲಿದೆ.

ಹಳ್ಳಿಗಾಡಿನಲ್ಲಿ ಎದೆಗೆ ಪೆಟ್ಟು ಬೀಳುವ ಬಗೆಗಳನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಕಬ್ಬಿನ ಲೋಡು ಹೊತ್ತ ಟ್ರ್ಯಾಕ್ಟರಿನ ಟ್ರೇಲರು ಮಗುಚುವುದು, ತೆಂಗಿನ ಅಥವಾ ಅಡಕೆಯ ಮರದಿಂದ ಜಾರುವುದು, ರಾತ್ರಿಯಲ್ಲಿ ದೀಪವಿಲ್ಲದೆ ನಿಂತ ಗಾಡಿಗೆ ಮೋಟಾರು ಸೈಕಲ್ಲು ಬಡಿಯುವುದು, ಇವೆಲ್ಲ ನಿತ್ಯದ ಸುದ್ದಿಗಳು. ಹಾವೇರಿ, ಶಿವಮೊಗ್ಗ ಜಿಲ್ಲೆಗಳಲ್ಲಿ ದೀಪಾವಳಿಯ ನಂತರ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿ ಕೊಂಬಿನ ತಿವಿತವೂ ಇದಕ್ಕೆ ಸೇರುತ್ತದೆ. ಕೊಂಬಿನ ಗಾಯದ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ನೆನಪಿಡಬೇಕು. ಹೊರಗಿನ ಬಾಯಿ ಎರಡು ಬೆರಳಿನಷ್ಟಿದ್ದರೂ ಒಳಗಿನ ಹಾನಿ ಅಂಗೈಯಗಲವಿರಬಹುದು. ಕೊಂಬು ಹೊಕ್ಕು ಪ್ರಾಣಿಯು ತಲೆಯೆತ್ತಿದಾಗ ದಾರಿ ತಿರುಗಿರುತ್ತದೆ. ಎದೆಯ ಕೆಳಭಾಗದಲ್ಲಿ ತಿವಿದ ಕೊಂಬು ವಪೆಯನ್ನು ಸೀಳಿ ಹೊಟ್ಟೆಯನ್ನು ಹೊಕ್ಕಿರುವುದೂ ಉಂಟು.

ಹೃದಯಕ್ಕೆ ಗಾಯವಾದರೆ ಮುಗಿಯಿತು, ಅದನ್ನು ಮುಟ್ಟುವುದೇ ಶಸ್ತ್ರವೈದ್ಯನಿಗೆ ಸಲ್ಲದ ಸಾಹಸ, ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಯೂರೋಪಿನ ವೈದ್ಯರಲ್ಲಿ ಬೇರೂರಿದ್ದಿತು. 1896ರ ಸೆಪ್ಟೆಂಬರ್ ತಿಂಗಳಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಲುಡ್ವಿಗ್ ರೇನ್ ಎಂಬ ಶಸ್ತ್ರವೈದ್ಯನು ಚೂರಿಯಿಂದ ಇರಿಯಲ್ಪಟ್ಟ ಯುವಕನೊಬ್ಬನ ಎದೆಯನ್ನು ತೆರೆದು, ಬಡಿಯುತ್ತಿದ್ದ ಹೃದಯದ ಬಲ ಹೃತ್ಕುಕ್ಷಿಗೆ ಹೊಲಿಗೆ ಹಾಕಿ ಅವನನ್ನು ಬದುಕಿಸಿದನು. ವೈದ್ಯಚರಿತ್ರೆಯ ಗ್ರಂಥಗಳು ಈ ಘಟನೆಯನ್ನು ದೊಡ್ಡಕ್ಷರಗಳಲ್ಲಿ ಬರೆದಿವೆ. ಆದರೆ ಗ್ರಾಮೀಣ ಆಸ್ಪತ್ರೆಯ ದೃಷ್ಟಿಯಿಂದ ನೋಡಿದರೆ, ಅದೇ ದೇಶದ ಹ್ಯಾಂಬರ್ಗಿನ ಗಾಟ್‌ಹಾರ್ಡ್ ಬ್ಯೂಲಾವ್ ಮಾಡಿದ ಕೆಲಸ ಇದಕ್ಕಿಂತ ಹೆಚ್ಚಿನದೆಂದು ನನ್ನ ಅಭಿಪ್ರಾಯ. ಆತನು 1875ರ ಸುಮಾರಿಗೆ ಎದೆಯಲ್ಲಿ ಕೂಡಿದ ಕೀವನ್ನು ಹೊರಹಾಕಲು ಒಂದು ರಬ್ಬರಿನ ಕೊಳವೆಯನ್ನು ಪಕ್ಕೆಲುಬುಗಳ ನಡುವೆ ತೂರಿಸಿ, ಅದರ ಇನ್ನೊಂದು ತುದಿಯನ್ನು ಸೀಸೆಯೊಳಗಿನ ನೀರಿನಲ್ಲಿ ಮುಳುಗಿಸಿಟ್ಟನು. ಒಳಗಿನದು ಹೊರಗೆ ಬರಬಹುದು, ಹೊರಗಿನ ಗಾಳಿ ಒಳಗೆ ಹೋಗಲಾರದು. ಬಾಗಿಲು ನೀರೇ. ಇಂದಿಗೂ ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲಿ ಎದೆಯ ಕೊಳವೆಯು ಇದೇ ತತ್ತ್ವದಿಂದ ಕೆಲಸ ಮಾಡುತ್ತಿದೆ.

ಎದೆಗೆ ಗಾಯವಾದವರಿಗೆಲ್ಲ ಎದೆಯನ್ನು ತೆರೆಯುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕೆಂಬುದು ಜನಸಾಮಾನ್ಯರ ತಿಳಿವಳಿಕೆ. ವಾಸ್ತವ ಬೇರೆ. ಮೊಂಡಪೆಟ್ಟು ಬಿದ್ದವರಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ಜನಕ್ಕೆ, ಇರಿತದ ಗಾಯವಾದವರಲ್ಲಿ ನೂರಕ್ಕೆ ಹದಿನೈದರಿಂದ ಮೂವತ್ತು ಜನಕ್ಕೆ ಮಾತ್ರ ಅದು ಬೇಕಾಗುತ್ತದೆ. ಉಳಿದವರೆಲ್ಲರೂ ಆಮ್ಲಜನಕ, ನೋವು ಶಮನ, ಒಂದು ಸೂಜಿ ಅಥವಾ ಒಂದು ಕೊಳವೆ, ಎಚ್ಚರದ ಶುಶ್ರೂಷೆ, ಇಷ್ಟರಿಂದ ಉಳಿಯಬಲ್ಲವರು. ಆದುದರಿಂದ ಎದೆಯ ಗಾಯದ ಪ್ರಶ್ನೆಯು ಮಹಾನಗರದ ಶಸ್ತ್ರಕೋಠಿಯ ಪ್ರಶ್ನೆಯಾಗಿರುವುದಕ್ಕಿಂತ ಹೆಚ್ಚಾಗಿ ತಾಲ್ಲೂಕು ಆಸ್ಪತ್ರೆಯ ಪ್ರಶ್ನೆಯಾಗಿದೆ.

ಇದನ್ನು ಜಗತ್ತು ಕಲಿತದ್ದೂ ಒಂದು ಹಳ್ಳಿಗಾಡಿನಿಂದಲೇ. 1976ರ ಫೆಬ್ರವರಿಯಲ್ಲಿ ಅಮೆರಿಕದ ಜೇಮ್ಸ್ ಸ್ಟೈನರ್ ಎಂಬ ಮೂಳೆವೈದ್ಯನು ತಾನೇ ನಡೆಸುತ್ತಿದ್ದ ಚಿಕ್ಕ ವಿಮಾನವು ನೆಬ್ರಾಸ್ಕಾ ರಾಜ್ಯದ ಹೊಲವೊಂದರಲ್ಲಿ ಬಿದ್ದುಹೋಯಿತು. ಹೆಂಡತಿ ಸ್ಥಳದಲ್ಲೇ ತೀರಿಕೊಂಡಳು. ನಾಲ್ವರು ಮಕ್ಕಳಲ್ಲಿ ಮೂವರಿಗೆ ತೀವ್ರ ಗಾಯಗಳಾಗಿದ್ದವು. ಸಮೀಪದ ಗ್ರಾಮೀಣ ಆಸ್ಪತ್ರೆಯಲ್ಲಿ ಮಕ್ಕಳಿಗೆ ದೊರೆತ ಚಿಕಿತ್ಸೆಯನ್ನು ಕಂಡು ಆತನು ನೊಂದುಕೊಂಡನು. ಅಲ್ಲಿನ ವೈದ್ಯರಲ್ಲಿ ಸದ್ಭಾವನೆಗೆ ಕೊರತೆಯಿರಲಿಲ್ಲ, ಕ್ರಮವಾದ ಶಿಕ್ಷಣಕ್ಕೆ ಕೊರತೆಯಿದ್ದಿತು. ಗಾಯಾಳು ಬಂದೊಡನೆ ಮೊದಲು ಯಾವುದನ್ನು ನೋಡಬೇಕು, ಯಾವುದನ್ನು ನಂತರಕ್ಕೆ ಬಿಡಬೇಕು ಎಂಬ ಅನುಕ್ರಮವನ್ನು ಯಾರೂ ಅವರಿಗೆ ಕಲಿಸಿರಲಿಲ್ಲ. ಸ್ಟೈನರನೂ ಅವನ ಸಹೋದ್ಯೋಗಿಗಳೂ ಕೂಡಿ ಅಂಥ ಪಾಠಕ್ರಮವೊಂದನ್ನು ಸಿದ್ಧಪಡಿಸಿದರು. 1978ರಲ್ಲಿ ನೆಬ್ರಾಸ್ಕಾದ ಆಬರ್ನ್ ಎಂಬ ಸಣ್ಣ ಊರಿನಲ್ಲಿ ಅದರ ಮೊದಲ ತರಗತಿ ನಡೆಯಿತು. 1980ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಮಹಾಸಂಸ್ಥೆಯು ಅದನ್ನು ತನ್ನದಾಗಿ ಸ್ವೀಕರಿಸಿತು. ಮೊದಲು ಶ್ವಾಸಮಾರ್ಗ, ಅನಂತರ ಉಸಿರಾಟ, ಅನಂತರ ರಕ್ತಪರಿಚಲನೆ: ಈ ಅನುಕ್ರಮವನ್ನು ಇಂದು ಭಾರತದ ವೈದ್ಯ ವಿದ್ಯಾರ್ಥಿಗಳೂ ಕಂಠಪಾಠ ಮಾಡುತ್ತಾರೆ. ಶಾಲೆಯ ಪುಸ್ತಕದಲ್ಲಿ ಈ ಸಂಗತಿಯನ್ನು ಹೇಳುವುದು ಉಚಿತವೆಂದು ತೋರಿತು, ಏಕೆಂದರೆ ಅಲ್ಲಿ ಪ್ರಾಣಗಳನ್ನು ಉಳಿಸಿದ್ದು ಹೊಸ ಯಂತ್ರವಾಗಲಿ ಹೊಸ ಔಷಧಿಯಾಗಲಿ ಅಲ್ಲ, ಒಂದು ಪಾಠ.

ಉಸಿರಾಟದ ಹಂತದಲ್ಲಿ ವೈದ್ಯನು ಹುಡುಕಬೇಕಾದ ಮೊದಲ ಶತ್ರು, ಒತ್ತಡದಿಂದ ಕೂಡಿದ ವಾಯುಸಂಚಯ. ಮುರಿದ ಪಕ್ಕೆಲುಬಿನ ಮೊನೆಯು ಶ್ವಾಸಕೋಶವನ್ನು ಚುಚ್ಚಿದಾಗ ಆ ರಂಧ್ರವು ಕೆಲವೊಮ್ಮೆ ಒಂದೇ ಕಡೆಗೆ ತೆರೆಯುವ ಕವಾಟದಂತೆ ವರ್ತಿಸುತ್ತದೆ. ಪ್ರತಿಯೊಂದು ಉಸಿರಿನೊಡನೆ ಗಾಳಿ ಎದೆಯೊಳಕ್ಕೆ ಸೋರುತ್ತದೆ, ಹೊರಬರುವುದಿಲ್ಲ. ಒತ್ತಡ ಏರುತ್ತ ಏರುತ್ತ ಆ ಬದಿಯ ಶ್ವಾಸಕೋಶ ಕುಸಿಯುತ್ತದೆ, ಹೃದಯವು ಮತ್ತೊಂದು ಬದಿಗೆ ತಳ್ಳಲ್ಪಡುತ್ತದೆ, ಹೃದಯಕ್ಕೆ ರಕ್ತವನ್ನು ತರುವ ಅಭಿಧಮನಿಗಳು ಅದುಮಿಹೋಗುತ್ತವೆ. ಹೃದಯ ಬಡಿಯುತ್ತಿದ್ದರೂ ಅದರೊಳಗೆ ರಕ್ತವಿರುವುದಿಲ್ಲ. ರೋಗಿ ಏದುತ್ತಾನೆ, ನಾಡಿ ಕ್ಷೀಣಿಸುತ್ತದೆ, ಕತ್ತಿನ ನರಗಳು ಉಬ್ಬುತ್ತವೆ. ಆ ಬದಿಯಲ್ಲಿ ಉಸಿರಿನ ಶಬ್ದವಿಲ್ಲ, ಬೆರಳಿನಿಂದ ತಟ್ಟಿದರೆ ಖಾಲಿ ಕೊಡದ ನಾದ.

ತಟ್ಟಿ ಕೇಳುವ ಈ ಪರೀಕ್ಷೆಯನ್ನು 1761ರಲ್ಲಿ ವಿಯೆನ್ನಾದ ಲಿಯೊಪೋಲ್ಡ್ ಔಎನ್‌ಬ್ರುಗ್ಗರ್ ತನ್ನ ಗ್ರಂಥದಲ್ಲಿ ವಿವರಿಸಿದನು. ಅವನ ತಂದೆ ಪಾನಗೃಹವನ್ನು ನಡೆಸುತ್ತಿದ್ದನೆಂದೂ, ಪೀಪಾಯಿಗಳಲ್ಲಿ ದ್ರವ ಎಲ್ಲಿಯವರೆಗೆ ಇದೆಯೆಂದು ತಟ್ಟಿ ತಿಳಿಯುವುದನ್ನು ಬಾಲಕನು ನೋಡಿ ಕಲಿತನೆಂದೂ ಹೇಳುವುದುಂಟು. ನಮ್ಮಲ್ಲಿ ಹಲಸಿನ ಹಣ್ಣನ್ನು ತಟ್ಟಿ ನೋಡುವ ಹೆಂಗಸರಿಗೆ ಇದು ಹೊಸ ವಿದ್ಯೆಯಲ್ಲ.

ಈ ಸ್ಥಿತಿಯಲ್ಲಿ ಕ್ಷ-ಕಿರಣ ಚಿತ್ರಕ್ಕಾಗಿ ಕಾಯತಕ್ಕದ್ದಲ್ಲ. ಚಿತ್ರ ತೆಗೆಸಿ ತರುವಷ್ಟರಲ್ಲಿ ರೋಗಿ ಉಳಿದಿರುವುದಿಲ್ಲ. ದಪ್ಪನಾದ, ಉದ್ದನೆಯ ಸೂಜಿಯನ್ನು ಎದೆಗೆ ತೂರಿಸಿ ಗಾಳಿಯನ್ನು ಹೊರಬಿಡುವುದೇ ಚಿಕಿತ್ಸೆ. ಹಿಂದೆ ಕೊರಳೆಲುಬಿನ ಕೆಳಗೆ ಎರಡನೆಯ ಪಕ್ಕೆಯೆಡೆಯಲ್ಲಿ ಸೂಜಿ ಹಾಕಬೇಕೆಂದು ಕಲಿಸುತ್ತಿದ್ದರು. ವಯಸ್ಕರಲ್ಲಿ ಅಲ್ಲಿನ ಮಾಂಸದ ದಪ್ಪದಿಂದಾಗಿ ಸೂಜಿ ಒಳಮುಟ್ಟದಿರುವುದು ಕಂಡುಬಂದುದರಿಂದ, ಮೇಲೆ ಹೇಳಿದ ಪಾಠಕ್ರಮದ 2018ರ ಹತ್ತನೆಯ ಆವೃತ್ತಿಯು ವಯಸ್ಕರಿಗೆ ಕಂಕುಳ ಕೆಳಗೆ ನಾಲ್ಕನೆಯ ಅಥವಾ ಐದನೆಯ ಪಕ್ಕೆಯೆಡೆಯನ್ನು ಸೂಚಿಸಿತು. ಮಕ್ಕಳಿಗೆ ಹಳೆಯ ಸ್ಥಳವನ್ನೇ ಉಳಿಸಿತು. ಸೂಜಿಯಾಗಲಿ ಕೊಳವೆಯಾಗಲಿ ಕೆಳಗಿನ ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡು ಹೋಗಬೇಕು, ಏಕೆಂದರೆ ಪ್ರತಿಯೊಂದು ಪಕ್ಕೆಲುಬಿನ ಕೆಳಂಚಿನ ಮರೆಯಲ್ಲಿ ರಕ್ತನಾಳಗಳೂ ನರವೂ ಹಾದಿವೆ. ಸೂಜಿಯಿಂದ ಸಿಗುವುದು ತಾತ್ಕಾಲಿಕ ಬಿಡುವು. ಅದರ ಹಿಂದೆಯೇ ಕೊಳವೆ ಹಾಕಲೇಬೇಕು.

ಕೊಳವೆಯನ್ನು ಹಾಕುವುದಕ್ಕಿಂತ ಅದನ್ನು ಕಾಯುವುದು ಕಷ್ಟ. ಕೊಳವೆಯ ತುದಿ ನೀರಿನಲ್ಲಿ ಸುಮಾರು ಎರಡು ಸೆಂಟಿಮೀಟರು ಮುಳುಗಿರಬೇಕು. ಸೀಸೆ ಯಾವಾಗಲೂ ರೋಗಿಯ ಎದೆಯ ಮಟ್ಟಕ್ಕಿಂತ ಕೆಳಗಿರಬೇಕು. ಉಸಿರಿನೊಡನೆ ಕೊಳವೆಯೊಳಗಿನ ನೀರು ಏರಿಳಿಯುತ್ತಿದ್ದರೆ ಕೊಳವೆ ತೆರೆದಿದೆಯೆಂದು ಅರ್ಥ. ಗುಳ್ಳೆಗಳೇಳುತ್ತಿದ್ದರೆ ಗಾಳಿ ಹೊರಬರುತ್ತಿದೆ. ಜಿಲ್ಲಾ ಕೇಂದ್ರಕ್ಕೆ ಸಾಗಿಸುವಾಗ ವಾಹನದಲ್ಲಿ ಸೀಸೆ ಉರುಳೀತೆಂಬ ಭಯದಿಂದ ಅದನ್ನು ರೋಗಿಯ ಮಗ್ಗುಲಲ್ಲಿ ಮಲಗಿಸುವುದು, ನೀರು ಚೆಲ್ಲೀತೆಂದು ಕೊಳವೆಯನ್ನು ಇಕ್ಕಳದಿಂದ ಬಿಗಿಯುವುದು, ಇವೆರಡೂ ಪ್ರಾಣಾಂತಿಕವಾದ ಜಾಗರೂಕತೆಗಳು. ಗಾಳಿ ಸೋರುತ್ತಿರುವ ಕೊಳವೆಯನ್ನು ಬಿಗಿದರೆ, ಸೂಜಿಯಿಂದ ತಪ್ಪಿಸಿದ ಮೃತ್ಯುವನ್ನು ದಾರಿಯಲ್ಲಿ ಮತ್ತೆ ಕರೆದಂತಾಗುವುದು. 1960ರ ದಶಕದಲ್ಲಿ ಅಮೆರಿಕದ ಹೆನ್ರಿ ಹೈಮ್ಲಿಕ್ ರೂಪಿಸಿದ ರಬ್ಬರಿನ ಚಿಕ್ಕ ಕವಾಟವು ಸೀಸೆಯ ಬದಲಿಗೆ ಪ್ರಯಾಣಕಾಲದಲ್ಲಿ ಉಪಯೋಗಕ್ಕೆ ಬರುತ್ತದೆ. ವಿಯೆಟ್ನಾಮ್ ಯುದ್ಧದಲ್ಲಿ ಅದು ಬಹಳವಾಗಿ ಬಳಕೆಯಾಯಿತು.

ಎದೆಯನ್ನು ತೆರೆಯಬೇಕಾದುದು ಯಾವಾಗ? ಕೊಳವೆ ಹಾಕಿದೊಡನೆ 1500 ಮಿಲಿಲೀಟರು ರಕ್ತ ಬಂದರೆ, ಅಥವಾ ಆಮೇಲೆ ಗಂಟೆಗೆ 200 ಮಿಲಿಲೀಟರಿನಂತೆ ಎರಡರಿಂದ ನಾಲ್ಕು ಗಂಟೆಗಳವರೆಗೆ ಬರುತ್ತಲೇ ಇದ್ದರೆ, ಒಳಗೆ ಹರಿದಿರುವ ನಾಳವು ತಾನಾಗಿ ಮುಚ್ಚಿಕೊಳ್ಳುವಂಥದಲ್ಲವೆಂದು ತಿಳಿಯಬೇಕು. ಸೀಸೆಯ ಮೇಲೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ದಾದಿಯು ಗಂಟೆಗೊಮ್ಮೆ ಎಳೆಯುವ ಗೆರೆಯು ಹೀಗೆ ಶಸ್ತ್ರವೈದ್ಯನ ತೀರ್ಮಾನವನ್ನೇ ನಿರ್ಧರಿಸುತ್ತದೆ. ಆ ಗೆರೆಯ ಪಕ್ಕದಲ್ಲಿ ವೇಳೆಯನ್ನು ಬರೆಯದಿದ್ದರೆ ಗೆರೆಗೆ ಬೆಲೆಯಿಲ್ಲ.

ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ಕೂಡಿಕೊಳ್ಳುವುದು ಇನ್ನೊಂದು ಅವಸರದ ಸ್ಥಿತಿ. ಆ ಚೀಲ ತಟ್ಟನೆ ಹಿಗ್ಗುವಂಥದಲ್ಲ. ಲೋಟದಷ್ಟು ರಕ್ತ ಹಠಾತ್ತಾಗಿ ತುಂಬಿದರೂ ಹೃದಯ ಅದುಮಲ್ಪಡುತ್ತದೆ. ಕುಸಿಯುವ ರಕ್ತದೊತ್ತಡ, ಉಬ್ಬಿದ ಕತ್ತಿನ ನರ, ಮಂದವಾದ ಹೃದಯಧ್ವನಿ ಎಂಬ ಮೂರು ಲಕ್ಷಣಗಳನ್ನು ಕ್ಲಾಡ್ ಬೆಕ್ 1935ರಲ್ಲಿ ಹೇಳಿದನು. ಗದ್ದಲದ ವಾರ್ಡಿನಲ್ಲಿ ಮೂರನ್ನೂ ಗುರುತಿಸುವುದು ದುಸ್ತರ. ಇಲ್ಲಿ ಶ್ರವಣಾತೀತ ಧ್ವನಿಯ ಯಂತ್ರ, ಎಂದರೆ ಎಲ್ಲರೂ ಕರೆಯುವ ಸ್ಕ್ಯಾನಿಂಗ್ ಯಂತ್ರ, ಕೆಲವು ನಿಮಿಷಗಳಲ್ಲಿ ಉತ್ತರವನ್ನು ಕೊಡುತ್ತದೆ. ಇಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಯಂತ್ರಗಳೂ ಬಂದಿವೆ. ಆದರೆ ನಮ್ಮ ದೇಶದಲ್ಲಿ ಹೆಣ್ಣುಭ್ರೂಣಗಳ ಹತ್ಯೆಯನ್ನು ತಡೆಯಲು 1994ರಲ್ಲಿ ಮಾಡಲ್ಪಟ್ಟ ಕಾಯಿದೆಯಂತೆ ಪ್ರತಿಯೊಂದು ಯಂತ್ರವೂ ನೋಂದಣಿಯಾಗಬೇಕು, ಅದರ ಓಡಾಟಕ್ಕೂ ನಿರ್ಬಂಧವಿದೆ. ಕಾಯಿದೆಯ ಅವಶ್ಯಕತೆಯನ್ನು ಅಲ್ಲಗಳೆಯುವಂತಿಲ್ಲ. ನಮ್ಮ ಸಮಾಜದ ಪಾಪಕ್ಕೆ ಗಾಯಾಳುವೂ ಸುಂಕ ತೆರುತ್ತಿದ್ದಾನೆಂದು ಮಾತ್ರ ಹೇಳಬೇಕು.

ಔಷಧಿಗಳಲ್ಲಿ ಒಂದನ್ನು ಹೆಸರಿಸದೆ ಮುಂದೆ ಹೋಗಲಾಗದು. ಟ್ರಾನೆಕ್ಸಾಮಿಕ್ ಆಮ್ಲವೆಂಬುದು ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಅಗ್ಗದ ಚುಚ್ಚುಮದ್ದು. 40 ದೇಶಗಳ 274 ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಈ ಮದ್ದನ್ನು ಪಡೆಯದವರಲ್ಲಿ ನೂರಕ್ಕೆ 16 ಜನರೂ ಪಡೆದವರಲ್ಲಿ 14.5 ಜನರೂ ಸತ್ತಿದ್ದರು. ವ್ಯತ್ಯಾಸ ಅಲ್ಪವೆಂದು ತೋರಬಹುದು, ಆದರೆ ಗಾಯಾಳುಗಳ ಸಂಖ್ಯೆಯನ್ನು ನೆನೆದರೆ ಅಲ್ಪವಲ್ಲ. ಮೊದಲ ಮೂರು ಗಂಟೆಗಳೊಳಗೆ ಕೊಟ್ಟರೆ ಮಾತ್ರ ಇದರಿಂದ ಪ್ರಯೋಜನ. ಅನಂತರ ಕೊಟ್ಟರೆ ಹಾನಿಯೇ ಆಗಬಹುದು. ಜಿಲ್ಲಾ ಆಸ್ಪತ್ರೆಯ ದೂರವನ್ನು ಬಲ್ಲವರು ಈ ಮದ್ದು ಎಲ್ಲಿರಬೇಕೆಂಬುದನ್ನು ಊಹಿಸಬಲ್ಲರು.

ಇಷ್ಟೆಲ್ಲವನ್ನು ಮಾಡಬೇಕಾದ ಕೈ ಎಲ್ಲಿದೆ? ಬಯಲುಸೀಮೆಯಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ಜನಕ್ಕೆ ಒಂದರಂತೆ ಇರಬೇಕಾದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ, ಬೇಕಾದ ಶಸ್ತ್ರವೈದ್ಯರ ಪೈಕಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸ್ಥಾನಗಳಲ್ಲಿ ಜನರಿಲ್ಲವೆಂದು 2021-22ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಂಕಿಅಂಶಗಳು ಹೇಳಿದವು. ದೂರದ ತಜ್ಞನ ನೆರವನ್ನು ತಂತಿಯ ಮೂಲಕವೋ ಉಪಗ್ರಹದ ಮೂಲಕವೋ ಪಡೆಯುವ ಯೋಚನೆ ಹುಟ್ಟಿದ್ದು ಈ ಕೊರತೆಯಿಂದ.

ಯೋಚನೆ ಹಳೆಯದು. ಹಾಲೆಂಡಿನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂತೋವನ್ 1905ರಲ್ಲಿಯೇ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ವಿದ್ಯುತ್ ಸಂಕೇತಗಳನ್ನು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರು ದೂರದ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡನು. ಅವನ ಯಂತ್ರ ಬಹು ಭಾರವಾಗಿದ್ದು ರೋಗಿಯ ಬಳಿಗೆ ಒಯ್ಯುವಂತಿರಲಿಲ್ಲ, ಆದ್ದರಿಂದ ರೋಗಿಯ ಹೃದಯಸಂಕೇತವೇ ಯಂತ್ರದ ಬಳಿಗೆ ಹೋಯಿತು. ನಮ್ಮ ನಾಡಿನಲ್ಲಿ 1975-76ರಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನದ ಪಾಠಗಳು ಬಂದುದನ್ನು ಹಿರಿಯ ಅಧ್ಯಾಪಕರು ಮರೆತಿರಲಾರರು. 2002ರಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹ ಸಂಪರ್ಕದಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ, ಅಂದು ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಜೋಡಿಸಲ್ಪಟ್ಟವು. 2019ರಲ್ಲಿ ಕೇಂದ್ರ ಸರ್ಕಾರದ ಇ-ಸಂಜೀವಿನಿ ಆರಂಭವಾಯಿತು. 2023ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರವು ನಟ ಪುನೀತ್ ರಾಜಕುಮಾರರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆಯನ್ನು ಪ್ರಾರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಹೃದ್ವಿದ್ಯುಲ್ಲೇಖವನ್ನು ಕೇಂದ್ರದ ತಜ್ಞರು ಓದಿ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪನ್ನು ಕರಗಿಸುವ ಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಡು ಅದು.

ಈ ಏರ್ಪಾಡು ಶ್ಲಾಘ್ಯವಾದುದು. ಅದರ ಮಗ್ಗುಲಲ್ಲೇ ಒಂದು ಎಚ್ಚರವನ್ನೂ ಹೇಳಬೇಕು. ಎದೆಗೆ ಬಲವಾದ ಪೆಟ್ಟು ಬಿದ್ದಾಗ ಹೃದಯದ ಸ್ನಾಯು ಜಜ್ಜಿಹೋಗಿ, ಹೃದ್ವಿದ್ಯುಲ್ಲೇಖವು ಹೃದಯಾಘಾತದಂತೆಯೇ ಕಾಣುವ ಸಂಭವವುಂಟು. ದೂರದ ತಜ್ಞನಿಗೆ ರೇಖೆ ಕಾಣುತ್ತದೆ, ಮೋಟಾರು ಸೈಕಲ್ಲಿನ ಹಿಡಿಕೆ ಒತ್ತಿದ ಕಂದುಗಪ್ಪು ಗುರುತು ಕಾಣುವುದಿಲ್ಲ. ಪೆಟ್ಟಿನ ಸಂಗತಿಯನ್ನು ಯಾರೂ ಹೇಳದೆ ಹೋದರೆ, ಒಳಗೆ ರಕ್ತ ಸುರಿಯುತ್ತಿರುವವನಿಗೆ ಹೆಪ್ಪು ಕರಗಿಸುವ ಮದ್ದು ಹೋದೀತು. ಆದ್ದರಿಂದ ರೇಖೆಯ ಜೊತೆಗೆ ವೃತ್ತಾಂತವೂ ಹೋಗಬೇಕು, ಮತ್ತು ಬಟ್ಟೆ ಸರಿಸಿ ಎದೆ ಬೆನ್ನುಗಳನ್ನು ನೋಡಿದವನೇ ಅದನ್ನು ಹೇಳಬೇಕು.

ಕ್ಷ-ಕಿರಣ ಚಿತ್ರಗಳ ವಿಷಯವೂ ಹೀಗೆಯೇ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹದಿನೈದು ವರ್ಷ ಮೀರಿದವರ ಎದೆಯ ಚಿತ್ರಗಳನ್ನು ಗಣಕಯಂತ್ರದಿಂದ ಓದಿಸಿ ಕ್ಷಯರೋಗದ ಶಂಕಿತರನ್ನು ಬೇರ್ಪಡಿಸಬಹುದೆಂದು ಒಪ್ಪಿಕೊಂಡಿತು. 2024ರ ಡಿಸೆಂಬರಿನಲ್ಲಿ ಭಾರತದಲ್ಲಿ ಆರಂಭವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಕ್ಷ-ಕಿರಣ ಯಂತ್ರಗಳು ಹಳ್ಳಿಗಳಿಗೆ ಬಂದವು. ಕ್ಷಯದ ತಪಾಸಣೆಗೆ ಇದು ವರವೇ ಸರಿ, ಏಕೆಂದರೆ ಅಲ್ಲಿ ಒಂದು ವಾರ ತಡವಾದರೂ ಮತ್ತೆ ಕರೆಯಿಸಿ ಕಫ ಪರೀಕ್ಷೆ ಮಾಡಬಹುದು. ಗಾಯಾಳುವಿನ ಚಿತ್ರವನ್ನು ಅದೇ ವಿಶ್ವಾಸದಿಂದ ಓದಲಾಗದು. ಅಂಗಾತ ಮಲಗಿದವನ ಎದೆಯಲ್ಲಿ ರಕ್ತವು ಬೆನ್ನಿನ ಕಡೆಗೆ ತೆಳುವಾಗಿ ಹರಡಿ ಚಿತ್ರದಲ್ಲಿ ಬರೀ ಮಬ್ಬಿನಂತೆ ತೋರುತ್ತದೆ. ಪಕ್ಕೆಲುಬಿನ ಬಿರುಕುಗಳಲ್ಲಿ ಎಷ್ಟೋ ಮೊದಲ ದಿನ ಕಾಣುವುದೇ ಇಲ್ಲ. ಮಕ್ಕಳಲ್ಲಂತೂ ಎಲುಬು ಮೆದುವಾಗಿರುವುದರಿಂದ ಒಂದೂ ಪಕ್ಕೆ ಮುರಿಯದೆ ಶ್ವಾಸಕೋಶ ಜಜ್ಜಿರಬಹುದು. ಅಧ್ಯಾಪಕರು ಇದನ್ನು ಮನಸ್ಸಿನಲ್ಲಿಡಬೇಕು. ಆಟದ ಮೈದಾನದಲ್ಲಿ ಎದೆಗೆ ಪೆಟ್ಟು ತಿಂದ ಹುಡುಗ "ಏನೂ ಆಗಿಲ್ಲ ಸಾರ್" ಎಂದರೂ, ಅವನ ಉಸಿರಿನ ವೇಗವನ್ನು ಒಂದು ಪೂರ್ತಿ ನಿಮಿಷ ಎಣಿಸಿ ನೋಡುವುದು ಒಳ್ಳೆಯದು. ವೃದ್ಧರ ಕಥೆ ಇದಕ್ಕೆ ವಿರುದ್ಧ. ಎರಡು ಮೂರು ಪಕ್ಕೆಲುಬು ಮುರಿದ ಅಜ್ಜ ನೋವಿಗಂಜಿ ಕೆಮ್ಮದೆ, ದೀರ್ಘವಾಗಿ ಉಸಿರೆಳೆಯದೆ ಇದ್ದು, ನಾಲ್ಕನೆಯ ದಿನ ಕಫ ಕಟ್ಟಿ ಜ್ವರದಿಂದ ಮಲಗುತ್ತಾನೆ. ಎದೆಗೆ ಬಿಗಿಯಾಗಿ ಪಟ್ಟಿ ಸುತ್ತುವ ಹಳೆಯ ಪದ್ಧತಿ ಇದನ್ನು ಇನ್ನೂ ಹೆಚ್ಚಿಸುವುದರಿಂದ ವೈದ್ಯರು ಅದನ್ನು ಕೈಬಿಟ್ಟಿದ್ದಾರೆ. ನೋವು ತಗ್ಗಿಸಿ ಕೆಮ್ಮಿಸುವುದೇ ಈಗಿನ ಚಿಕಿತ್ಸೆ.

ದಾನಿಗಳು ಆಸ್ಪತ್ರೆಗೆ ಏನನ್ನಾದರೂ ಕೊಡಬೇಕೆಂದಾಗ ಸಾಮಾನ್ಯವಾಗಿ ದೊಡ್ಡ ಯಂತ್ರವನ್ನು ಯೋಚಿಸುತ್ತಾರೆ. ಹೆಸರು ಕೆತ್ತಿಸಲು ಅದರಲ್ಲಿ ಸ್ಥಳವಿರುತ್ತದೆ. ದೂರದ ತಜ್ಞನನ್ನು ತೋರಿಸುವ ಪರದೆಯೂ ಅಂಥದೇ ಆಕರ್ಷಣೆ. ಆದರೆ ಪರದೆಯ ಮೇಲೆ ತಜ್ಞನು "ಕೊಳವೆ ಹಾಕಿ" ಎಂದಾಗ ಈಚೆ ಕೊಳವೆಯೂ ಇಲ್ಲದೆ, ಹಾಕಬಲ್ಲವನೂ ಇಲ್ಲದೆ ಹೋದರೆ ಆ ಮಾತಿನಿಂದ ರೋಗಿಗೆ ಏನು ಬಂತು? ನನ್ನನ್ನು ಕೇಳಿದರೆ, ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರನ್ನೂ ಇಬ್ಬರು ದಾದಿಯರನ್ನೂ ಗಾಯಾಳು ಚಿಕಿತ್ಸೆಯ ಪಾಠಕ್ರಮಕ್ಕೆ ಕಳಿಸುವ ವೆಚ್ಚವನ್ನು ವಹಿಸಿಕೊಳ್ಳುವುದು, ರಕ್ತ ಸಂಗ್ರಹಿಸಿಡುವ ಶೀತಲಪೆಟ್ಟಿಗೆಗೆ ವಿದ್ಯುತ್ತು ಹೋದಾಗ ನಡೆಯುವಂತೆ ಜನರೇಟರನ್ನು ಕೊಡಿಸುವುದು, ವರ್ಷಕ್ಕೆರಡು ಸಲ ಹಳೆಯ ವಿದ್ಯಾರ್ಥಿಗಳಿಂದ ರಕ್ತದಾನ ಏರ್ಪಡಿಸುವುದು, ಇವು ಪರದೆಗಿಂತ ಮೊದಲು ಬರಬೇಕಾದವು. ಅನಂತರ ಪರದೆ ಬರಲಿ, ಅದಕ್ಕೂ ಕೆಲಸವಿರುತ್ತದೆ.

ಗಾಯಾಳುವನ್ನು ಮುಟ್ಟಿದರೆ ಪೊಲೀಸು, ಕೋರ್ಟು ಎಂದು ಹಿಂಜರಿಯುವವರು ಇಂದಿಗೂ ಇದ್ದಾರೆ. ಯಾವ ವೈದ್ಯನೂ ಕಾನೂನಿನ ವಿಧಿಗಳಿಗಾಗಿ ಕಾಯುತ್ತ ತುರ್ತು ಚಿಕಿತ್ಸೆಯನ್ನು ನಿರಾಕರಿಸತಕ್ಕದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ 1989ರಲ್ಲಿಯೇ ತೀರ್ಪು ಕೊಟ್ಟಿತು. ನೆರವಾದ ದಾರಿಹೋಕನಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ರಕ್ಷಣೆಯಿತ್ತಿದೆ. ತನ್ನ ಹೆಸರನ್ನು ಹೇಳಬೇಕೆಂದು ಅವನನ್ನು ಬಲವಂತಪಡಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಯೋಜಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯಷ್ಟು ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ನಮ್ಮ ರಾಜ್ಯದಲ್ಲಿ 108ರ ವಾಹನವು 2008ರ ನವೆಂಬರ್ 1ರಿಂದ ಓಡುತ್ತಿದೆ.

ವಾಹನ ಬರುವವರೆಗೆ ಬಳಿಯಲ್ಲಿರುವವನು ಮಾಡಬೇಕಾದುದು ಹೆಚ್ಚಿಲ್ಲ. ಎದೆಗೆ ನೆಟ್ಟ ಕಬ್ಬಿಣವನ್ನಾಗಲಿ ಗೂಟವನ್ನಾಗಲಿ ಕೀಳಬಾರದು, ಅದೇ ಒಳಗಿನ ನಾಳಕ್ಕೆ ಬಿರಡೆಯಾಗಿರಬಹುದು. ಉಸಿರಿನೊಡನೆ ಗಾಳಿ ಹೀರುವ ಗಾಯದ ಮೇಲೆ ಶುಭ್ರವಾದ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ಮೂರು ಬದಿ ಅಂಟಿಸಿ ನಾಲ್ಕನೆಯದನ್ನು ಬಿಡಬೇಕು, ಹೊರಗಿನ ಗಾಳಿ ಹೋಗದಂತೆಯೂ ಒಳಗಿನದು ಬರುವಂತೆಯೂ. ಬಾಯಿಗೆ ನೀರು, ಸೋಡಾ ಏನನ್ನೂ ಹಾಕಬಾರದು. ಆಸ್ಪತ್ರೆಗೆ ಫೋನು ಮಾಡುವಾಗ ಹೇಳಬೇಕಾದುದು ಹೆಸರು, ಊರು, ಜಾತಕಗಳಲ್ಲ. ಪೆಟ್ಟು ಬಿದ್ದ ವೇಳೆ, ಯಾವುದರಿಂದ, ಎದೆಯ ಯಾವ ಬದಿಗೆ, ನಿಮಿಷಕ್ಕೆ ಎಷ್ಟು ಉಸಿರು, ಮಾತನಾಡುತ್ತಾನೆಯೇ, ಕೈ ತಣ್ಣಗಿದೆಯೇ, ರಕ್ತ ತೆಳುವಾಗಿಸುವ ಮಾತ್ರೆಯನ್ನು ನುಂಗುವವನೇ: ಇಷ್ಟನ್ನು ಹೇಳಿದರೆ, ಆಚೆ ತುದಿಯಲ್ಲಿರುವವರು ರೋಗಿ ಬಾಗಿಲಿಗೆ ಬರುವ ಮೊದಲೇ ನೀರಿನ ಸೀಸೆಯನ್ನು ಸಿದ್ಧಮಾಡಿ ಇಟ್ಟಿರುತ್ತಾರೆ.